ಹೆಪ್ಪುಗಟ್ಟಿದ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಪೊಲಾರಿಸ್ ಸ್ಪೋರ್ಟ್ಸ್‌ಮನ್ 570

ಎಟಿವಿ, ಅಂದರೆ ಹ್ಯಾಂಡಲ್ ಹಿಡಿದು ಎಂಥ ನೆಲದ ಮೇಲೂ ಓಡಿಸುವ ನಾಲ್ಕು ಚಕ್ರದ ಗಾಡಿ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಎಂಜಿನ್ನಿನ ಶಕ್ತಿಯನ್ನು, ಆಮೇಲೆ ವೇಗವನ್ನು. ಅಮೆರಿಕದ ಮಿನ್ನೆಸೋಟದಂಥ ರಾಜ್ಯದಲ್ಲಿ ಚಳಿಗಾಲಕ್ಕೆಂದೇ, ಅದರಲ್ಲೂ ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿಸಲೆಂದೇ ಗಾಡಿ ಹುಡುಕುವವರು ಮೊದಲು ವಿಚಾರಿಸಬೇಕಾದದ್ದು ಅದರ ತೂಕವನ್ನು; ಆಮೇಲೆ, ತೀರ ನಿಧಾನವಾಗಿ ಚಲಿಸುವಾಗಲೂ ಅದು ಸವಾರನ ಹಿಡಿತದಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದನ್ನು. ಈ ಎರಡು ಅಳತೆಗಳಲ್ಲಿ ತೂಗಿ ನೋಡಿದರೆ ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570 ಬಹಳ ಒಳ್ಳೆಯ ಗಾಡಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕೆಲವು ಷರತ್ತುಗಳಿವೆ, ಅವುಗಳಲ್ಲಿ ಹೆಚ್ಚಿನವು ಗಾಡಿಗಿಂತ ಗಾಡಿಯ ಕೆಳಗಿರುವ ಮಂಜುಗಡ್ಡೆಗೆ ಸಂಬಂಧಿಸಿದವು. ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಚಳಿಗಾಲದ ಮೀನು ಹಿಡಿಯುವಿಕೆಯ ರುಚಿ ಹತ್ತಿಸಿಕೊಂಡವರು ಈಗ ಅಲ್ಲಲ್ಲಿ ಸಿಗುತ್ತಾರೆ; ಗಾಡಿಯನ್ನು ಬಾಡಿಗೆಗೆ ಪಡೆಯಬೇಕೋ ಕೊಳ್ಳಬೇಕೋ ಎಂದು ಕೇಳುವ ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೊಡಗು ಅಥವಾ ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಕೆಸರು ಹಾದಿಯ ಮೇಲೆ ಇಂಥ ಗಾಡಿ ಓಡಿಸಿ ರೂಢಿಯಿರುವವರೂ ಇದನ್ನು ಓದಬೇಕು, ಏಕೆಂದರೆ ಆ ರೂಢಿಯಲ್ಲಿ ಅರ್ಧದಷ್ಟು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪೊಲಾರಿಸ್ ಇದೇ ನೆಲದಲ್ಲಿ ಹುಟ್ಟಿದ ಕಂಪನಿ. ಕೆನಡಾ ಗಡಿಗೆ ಸಮೀಪವಿರುವ ರೋಸೋ ಎಂಬ ಸಣ್ಣ ಪಟ್ಟಣದಲ್ಲಿ 1954ರಲ್ಲಿ ಆರಂಭವಾಗಿ, ಮೊದಲು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳನ್ನು ತಯಾರಿಸಿ ಹೆಸರು ಮಾಡಿ, 1985ರಲ್ಲಿ ಎಟಿವಿ ತಯಾರಿಕೆಗೆ ಇಳಿಯಿತು. ಸ್ಪೋರ್ಟ್ಸ್‌ಮನ್ 570ರಲ್ಲಿ ಇರುವುದು 567 ಸಿಸಿಯ, ನೀರಿನಿಂದ ತಂಪಾಗುವ ಒಂಟಿ ಸಿಲಿಂಡರ್ ಎಂಜಿನ್. ಇಂಧನ ಇಂಜೆಕ್ಷನ್ ವ್ಯವಸ್ಥೆಯಿದ್ದು 44 ಅಶ್ವಶಕ್ತಿ ಕೊಡುತ್ತದೆ. ಅಗಲ 48 ಇಂಚು, ಒಣ ತೂಕ 700 ಪೌಂಡಿನ ಆಸುಪಾಸು. 2021ರ ಪರಿಷ್ಕರಣೆಯ ನಂತರದ ಗಾಡಿಗಳಲ್ಲಿ ಹೊಟ್ಟೆಗೂ ನೆಲಕ್ಕೂ ನಡುವೆ 11.5 ಇಂಚು ಅಂತರವಿದೆ, 1,350 ಪೌಂಡ್ ಎಳೆಯುವ ಸಾಮರ್ಥ್ಯವಿದೆ. ಇಂದಿನ 850 ಮತ್ತು 1000 ಸಿಸಿ ಗಾಡಿಗಳ ಎದುರು ಈ ಅಂಕಿಗಳು ಸಾಧಾರಣವಾಗಿ ಕಾಣುತ್ತವೆ. ಮಂಜುಗಡ್ಡೆಯ ಮೇಲೆ ಅದೇ ಇದರ ಬಲ, ಏಕೆಂದರೆ ದೊಡ್ಡ ಎಂಜಿನ್ನಿನ ಶಕ್ತಿಯನ್ನು ನೆಲಕ್ಕೆ ಇಳಿಸಲು ಬೇಕಾದ ಹಿಡಿತ ಅಲ್ಲಿ ಇರುವುದೇ ಇಲ್ಲ, ಆದರೆ ಆ ಎಂಜಿನ್ನಿನ ಹೆಚ್ಚುವರಿ ತೂಕವನ್ನು ಮಾತ್ರ ಗಡ್ಡೆ ಹೊರಲೇಬೇಕು.

ನಾನು ಈ ಗಾಡಿಯನ್ನು ಬಳಸುವುದು ಮುಖ್ಯವಾಗಿ ಮಿಲ್ ಲ್ಯಾಕ್ಸ್ ಸರೋವರದ ಮೇಲೆ. ಮಿನ್ನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರಗಳಿಂದ 169ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 100 ಮೈಲಿ ಹೋದರೆ ಅದರ ಪಶ್ಚಿಮ ದಡ ಸಿಗುತ್ತದೆ. 1,32,000 ಎಕರೆಯಷ್ಟು ವಿಸ್ತಾರವಿದ್ದರೂ ಗರಿಷ್ಠ ಆಳ 42 ಅಡಿ ಮಾತ್ರ. ವಾಲೈ ಮೀನಿಗೆ ಹೆಸರಾದ ಈ ನೀರಿನ ಮೇಲೆ ಚಳಿಗಾಲದಲ್ಲಿ ಒಂದು ಊರೇ ಏಳುತ್ತದೆ: ದಡದ ರೆಸಾರ್ಟುಗಳವರು ಹಿಮ ಸರಿಸಿ ರಸ್ತೆ ಮಾಡುತ್ತಾರೆ, ಬಿರುಕು ಬಿಟ್ಟ ಕಡೆ ಸೇತುವೆ ಇಡುತ್ತಾರೆ, ದಿನಕ್ಕೆ ಇಷ್ಟೆಂದು ಪ್ರವೇಶ ಶುಲ್ಕ ಪಡೆದು ಒಳಗೆ ಬಿಡುತ್ತಾರೆ, ಒಳಗೆ ಕೂತು ಗಡ್ಡೆಯ ರಂಧ್ರದಿಂದ ಮೀನು ಹಿಡಿಯುವ, ಚಕ್ರವಿರುವ ಮೀನುಮನೆಗಳು ಸಾಲಾಗಿ ನಿಲ್ಲುತ್ತವೆ. ಆ ರಸ್ತೆ ಇರುವವರೆಗೆ ಪಿಕಪ್ ಟ್ರಕ್ ಸಾಕು. ಎಟಿವಿಯ ಅಗತ್ಯ ಬೀಳುವುದು ಎರಡು ಸಂದರ್ಭಗಳಲ್ಲಿ: ಒಂದು, ಟ್ರಕ್ಕನ್ನು ಹೊರುವಷ್ಟು ಗಡ್ಡೆ ಇನ್ನೂ ಕಟ್ಟಿರದ ಋತುವಿನ ಆರಂಭದ ವಾರಗಳಲ್ಲಿ, ಇನ್ನೊಂದು, ಸರಿಸಿದ ರಸ್ತೆಯನ್ನು ಬಿಟ್ಟು ಮೀನಿರುವ ಕಡೆಗೆ ತಾನೇ ದಾರಿ ಹುಡುಕಿಕೊಂಡು ಹೋಗಬೇಕಾದಾಗ. ಮೀನುಗಾರರಿಗೆ ಅತ್ಯಂತ ಪ್ರಿಯವಾದ ವಾರಗಳೂ ಆ ಆರಂಭದವೇ ಆಗಿರುವುದರಿಂದ ಹಗುರ ಗಾಡಿಗೆ ಇಲ್ಲಿ ಇಷ್ಟು ಬೆಲೆ.

ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರಕಟಿಸುವ ಮಾರ್ಗಸೂಚಿಯ ಪ್ರಕಾರ, ಹೊಸದಾಗಿ ಕಟ್ಟಿದ ಸ್ವಚ್ಛವಾದ ಗಡ್ಡೆ 4 ಇಂಚಿಗಿಂತ ಕಡಿಮೆಯಿದ್ದರೆ ಅದರ ಮೇಲೆ ಕಾಲಿಡಲೇಬಾರದು. 4 ಇಂಚಿದ್ದರೆ ನಡೆದು ಹೋಗಬಹುದು. ಸ್ನೋಮೊಬೈಲ್ ಅಥವಾ ಸಣ್ಣ ಎಟಿವಿಗೆ 5ರಿಂದ 7 ಇಂಚು ಬೇಕು. ಪಕ್ಕಪಕ್ಕ ಕೂರುವ ಸೈಡ್-ಬೈ-ಸೈಡ್ ಗಾಡಿಗೆ 7ರಿಂದ 8, ಸಣ್ಣ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಟ್ರಕ್ಕಿಗೆ 13 ಇಂಚು. ಸ್ಪೋರ್ಟ್ಸ್‌ಮನ್ 570 ಈ ಪಟ್ಟಿಯ ಸಣ್ಣ ಎಟಿವಿಯ ಸಾಲಿಗೆ ಸೇರುತ್ತದೆ ನಿಜ. ಆದರೆ ಪಟ್ಟಿ ಲೆಕ್ಕ ಹಾಕಿರುವುದು ಗಾಡಿಯನ್ನು. 700 ಪೌಂಡಿನ ಗಾಡಿಗೆ ಇಂಧನ, ದಪ್ಪ ಬಟ್ಟೆ ತೊಟ್ಟ ಸವಾರ, ಹಿಂದೆ ಕಟ್ಟಿದ ಸ್ಲೆಡ್ (ಜಾರುಬಂಡಿ), ಅದರಲ್ಲಿ ಡೇರೆ, ಹೀಟರು, ಗಡ್ಡೆ ಕೊರೆಯುವ ಆಗರ್ ಎಲ್ಲವೂ ಸೇರಿದರೆ ಒಟ್ಟು ತೂಕ ಸಾವಿರದ ಇನ್ನೂರು ಪೌಂಡನ್ನು ಸುಲಭವಾಗಿ ಮುಟ್ಟುತ್ತದೆ. ಮುಂದೆ ಹಿಮ ತಳ್ಳುವ ಬ್ಲೇಡನ್ನೂ ಕಟ್ಟಿದರೆ ಇನ್ನೂ ಹೆಚ್ಚು. ಹಾಗಾಗಿ ನಾನು ಸಾಮಾನು ತುಂಬಿದ ಗಾಡಿಯನ್ನು ಸೈಡ್-ಬೈ-ಸೈಡ್ ಎಂದೇ ಭಾವಿಸಿ, 8 ಇಂಚಿಗಿಂತ ಕಡಿಮೆ ಗಡ್ಡೆಯ ಮೇಲೆ ಇಳಿಸುವುದಿಲ್ಲ. ಗಡ್ಡೆ ಹೊರುವ ಭಾರ ಸ್ಥೂಲವಾಗಿ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ದಪ್ಪ ಇಮ್ಮಡಿಯಾದರೆ ಹೊರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. 5 ಇಂಚಿಗೂ 8 ಇಂಚಿಗೂ ಇರುವ ಅಂತರ ಕೇವಲ ಮೂರು ಇಂಚಿನದಲ್ಲ, ಎರಡೂವರೆ ಪಟ್ಟು ಬಲದ್ದು.

ಇಷ್ಟೂ ಸ್ವಚ್ಛ ಗಡ್ಡೆಯ ಮಾತು. ಆಗರ್ ಕೊರೆದ ರಂಧ್ರದ ಒಳಗೋಡೆಯನ್ನು ಬಗ್ಗಿ ನೋಡಿದರೆ ಪದರಗಳು ಕಣ್ಣಿಗೆ ಕಾಣುತ್ತವೆ: ಕೆಳಗೆ ಗಾಜಿನಂತೆ ಪಾರದರ್ಶಕವಾದ, ತುಸು ನೀಲಿ ಬಣ್ಣದ ಪದರ, ಮೇಲೆ ಹಾಲಿನ ಬಣ್ಣದ, ಗುಳ್ಳೆಗಳು ಸಿಕ್ಕಿಕೊಂಡ ಪದರ. ಬಿದ್ದ ಹಿಮ ನೀರಿನಲ್ಲಿ ನೆನೆದು ಮತ್ತೆ ಹೆಪ್ಪುಗಟ್ಟಿ ಆಗುವ ಆ ಬಿಳಿ ಗಡ್ಡೆಗೆ ಸ್ವಚ್ಛ ಗಡ್ಡೆಯ ಅರ್ಧದಷ್ಟೇ ಬಲ, ಆದ್ದರಿಂದ ಅಲ್ಲಿ ದಪ್ಪದ ಮಿತಿಗಳನ್ನು ಇಮ್ಮಡಿ ಮಾಡಿಕೊಳ್ಳಬೇಕೆಂದು ಇಲಾಖೆಯೇ ಹೇಳುತ್ತದೆ. ಒಂದು ಕಡೆ ಅಳೆದು ಸಮಾಧಾನಪಟ್ಟುಕೊಳ್ಳದೆ ಪ್ರತಿ 150 ಅಡಿಗೊಮ್ಮೆ ಅಳೆಯಬೇಕೆಂಬುದೂ ಅದರ ಸಲಹೆ. ಅನೇಕರಿಗೆ ಇದು ಅತಿಯೆನಿಸಬಹುದು, ನನಗೆ ಹಾಗೆನಿಸುವುದಿಲ್ಲ. ಮಿಲ್ ಲ್ಯಾಕ್ಸ್‌ನ ನೈಋತ್ಯ ಭಾಗದಿಂದ ರಮ್ ನದಿ ಹೊರಡುತ್ತದೆ. ಹರಿಯುವ ನೀರಿನ ಸಮೀಪ ಗಡ್ಡೆ ತೆಳ್ಳಗಿರುತ್ತದೆ. ಗಾಳಿಗೆ ಎರಡು ಹಾಳೆಗಳು ಒತ್ತಿಕೊಂಡು ಎದ್ದ ಏಣುಗಳ ಎರಡೂ ಬದಿಯಲ್ಲಿ ನೀರು ತೆರೆದಿರಬಹುದು, ಆ ನೀರಿನ ಮೇಲೆ ಒಂದು ರಾತ್ರಿಯ ತೆಳುಪೊರೆ ಕಟ್ಟಿ ಅದರ ಮೇಲೆ ಹಿಮ ಬಿದ್ದರೆ ಸುತ್ತಲಿನ ಗಡ್ಡೆಗೂ ಅದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ರೆಸಾರ್ಟಿನವರ ಬಳಿ ಆ ದಿನದ ಬೆಳಿಗ್ಗೆಯ ಅಳತೆ ಇರುತ್ತದೆ, ಬಿರುಕುಗಳು ಎಲ್ಲಿವೆ ಎಂಬ ಮಾಹಿತಿ ಇರುತ್ತದೆ. ಅವರು ಪಡೆಯುವ ಶುಲ್ಕದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಅದೇ.

ಈಗ ಗಾಡಿಯ ನಡತೆಗೆ ಬರುತ್ತೇನೆ. ಸ್ಪೋರ್ಟ್ಸ್‌ಮನ್‌ನ ನಾಲ್ಕು ಚಕ್ರಗಳ ಚಾಲನೆಯ ವ್ಯವಸ್ಥೆಯನ್ನು ಬಲಗೈ ಹಿಡಿಯ ಬಳಿಯ ಸ್ವಿಚ್ಚಿನಿಂದ ಒಮ್ಮೆ ಚಾಲೂ ಮಾಡಿಟ್ಟರೆ, ಹಿಂದಿನ ಚಕ್ರಗಳು ಜಾರಿದ ಕೂಡಲೇ ಮುಂದಿನ ಚಕ್ರಗಳೂ ತಾವಾಗಿಯೇ ಎಳೆಯತೊಡಗುತ್ತವೆ, ಹಿಡಿತ ಮರಳಿದಾಗ ತಾವಾಗಿಯೇ ಬಿಡುತ್ತವೆ. ಮಣ್ಣಿನ ಮೇಲೆ ಈ ವಿನಿಮಯ ಅಪರೂಪ. ಮಂಜುಗಡ್ಡೆಯ ಮೇಲೆ ಅದು ಪ್ರತಿ ಕ್ಷಣದ ಕೆಲಸ. ನಿಂತಲ್ಲಿಂದ ಹೊರಡುವಾಗ ಹಿಂಚಕ್ರ ಕಾಲು ಸುತ್ತು ಜಾರಿ, ಮುಂಚಕ್ರ ಹಿಡಿದುಕೊಂಡು, ಹ್ಯಾಂಡಲ್‌ನಲ್ಲಿ ಒಂದು ಸಣ್ಣ ಸೆಳೆತ ಕೈಗೆ ತಿಳಿಯುತ್ತದೆ. ಥ್ರಾಟಲನ್ನು ಮೆಲ್ಲಗೆ ಒತ್ತುವವರಿಗೆ ಈ ವ್ಯವಸ್ಥೆ ಬಹಳ ಅನುಕೂಲಕರ. ಒಮ್ಮೆಲೇ ಒತ್ತಿದರೆ ನಾಲ್ಕೂ ಚಕ್ರಗಳು ಒಟ್ಟಿಗೆ ತಿರುಗಿ ಗಾಡಿ ಅಡ್ಡಡ್ಡಲಾಗಿ ಜಾರುತ್ತದೆ. ಹಿಂದಿನ ಎರಡು ಚಕ್ರಗಳು ಒಂದೇ ವೇಗದಲ್ಲಿ ಸುತ್ತುವಂತೆ ಬಿಗಿದಿರುವುದರಿಂದ, ತಿರುವಿನಲ್ಲಿ ಅವು ಗಾಡಿಯನ್ನು ನೇರಕ್ಕೆ ತಳ್ಳಲು ನೋಡುತ್ತವೆ. ಹಾಗಾಗಿ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುಗುವಾಗ ಥ್ರಾಟಲನ್ನು ಒಂದೇ ಹದದಲ್ಲಿ ಹಿಡಿದಿರಬೇಕು.

ಬ್ರೇಕಿನ ವಿಷಯದಲ್ಲಿ ಹೊಸಬರು ವಿಶೇಷವಾಗಿ ಗಮನಿಸಬೇಕಾದ ಒಂದು ಗುಣ ಈ ಗಾಡಿಗಿದೆ. ಎಡಗೈಯ ಒಂದೇ ಲಿವರು ನಾಲ್ಕೂ ಚಕ್ರಗಳ ಬ್ರೇಕುಗಳನ್ನು ಹಿಡಿಯುತ್ತದೆ. ಬೈಕು ಓಡಿಸಿ ಬಂದ ನಮ್ಮವರಿಗೆ ಎಡಗೈ ಎಂದರೆ ಕ್ಲಚ್, ಬಲಗೈ ಎಂದರೆ ಮುಂದಿನ ಬ್ರೇಕು. ಇಲ್ಲಿ ಎರಡೂ ಹಾಗಲ್ಲ. ಒಣ ನೆಲದಲ್ಲಿ ಒಂದೇ ಲಿವರಿನ ಏರ್ಪಾಡು ಸರಳ ಮತ್ತು ಸುರಕ್ಷಿತ. ನುಣುಪಾದ ಗಡ್ಡೆಯ ಮೇಲೆ ಅದೇ ಲಿವರನ್ನು ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರಗಳು ಬಿಗಿದು, ಹ್ಯಾಂಡಲನ್ನು ಯಾವ ಕಡೆ ತಿರುಗಿಸಿದರೂ ಗಾಡಿ ಬಂದ ದಿಕ್ಕಿಗೇ ಜಾರುತ್ತಾ ಹೋಗುತ್ತದೆ. ಬಲಗಾಲಿನ ಬಳಿ ಹಿಂಚಕ್ರಕ್ಕೆ ಮಾತ್ರ ಪ್ರತ್ಯೇಕ ಪೆಡಲ್ ಇದೆ. ಅದನ್ನು ತುಸುವೇ ಮುಟ್ಟಿ, ಉಳಿದದ್ದನ್ನು ಥ್ರಾಟಲ್ ಬಿಡುವುದರಿಂದಲೇ ಸಾಧಿಸುವುದು ಸರಿಯಾದ ಕ್ರಮ. ಲೋ ಗೇರಿನಲ್ಲಿ ಹೋಗುತ್ತಿದ್ದರೆ ಎಂಜಿನ್ನೇ ಸಾಕಷ್ಟು ತಡೆಯುತ್ತದೆ, ಬ್ರೇಕಿನ ಅಗತ್ಯವೇ ಅಪರೂಪವಾಗುತ್ತದೆ. ಈ ಲೋ ಗೇರಿನ ನಡಿಗೆಯ ವೇಗದಲ್ಲಿ ಗಾಡಿ ತೋರುವ ನಯ, ಎಳೆತದಲ್ಲಿ ಎಲ್ಲೂ ಮುಗ್ಗರಿಸದೆ ಹೋಗುವ ರೀತಿ, ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ.

ಅಂಗಡಿಯಿಂದ ಬರುವ ಟೈರುಗಳು ಹಿಮದ ಮೇಲೆ ಸಾಕು, ಬರಿಯ ಗಡ್ಡೆಯ ಮೇಲೆ ಸಾಲವು. ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋದ ಜಾಗಗಳು ಮಿಲ್ ಲ್ಯಾಕ್ಸ್‌ನಲ್ಲಿ ಬೇಕಾದಷ್ಟಿವೆ. ಅದಕ್ಕೆ ಪರಿಹಾರ ಎರಡು: ಟೈರಿಗೆ ಸರಪಳಿ, ಅಥವಾ ಟೈರಿನ ಗುಬ್ಬಿಗಳಿಗೆ (ಮೈಮೇಲಿನ ರಬ್ಬರ್ ಉಬ್ಬುಗಳಿಗೆ) ತಿರುಪಿನಂತೆ ಕೂರಿಸುವ ಕಾರ್ಬೈಡ್ ಮೊಳೆ. ಸರಪಳಿಯನ್ನು ಹಿಂಚಕ್ರಕ್ಕೆ ಮಾತ್ರ ಹಾಕಿದರೆ ಎಳೆತ ಸಿಗುತ್ತದೆ, ತಿರುಗುವ ಹಿಡಿತ ಸಿಗುವುದಿಲ್ಲ. ಮುಂದಕ್ಕೂ ಹಾಕುವುದಾದರೆ ಸಸ್ಪೆನ್ಷನ್ ತೋಳು ಮತ್ತು ಬ್ರೇಕ್ ಕೊಳವೆಗಳಿಗೆ ತಗಲದಂತೆ ಜಾಗವಿದೆಯೇ ಎಂದು ಹ್ಯಾಂಡಲನ್ನು ಪೂರ್ತಿ ಎರಡೂ ಕಡೆ ತಿರುಗಿಸಿ ನೋಡಬೇಕು. ನನ್ನ ಆಯ್ಕೆ ನಾಲ್ಕೂ ಟೈರಿಗೆ ಮೊಳೆ. ಗುಬ್ಬಿಯ ಎತ್ತರಕ್ಕಿಂತ ಮೊಳೆಯ ಉದ್ದ ಕಡಿಮೆಯಿರಬೇಕೆಂಬ ಒಂದು ಎಚ್ಚರಿಕೆ ಪಾಲಿಸಿದರೆ ಗಾಳಿ ಸೋರುವ ಭಯವಿಲ್ಲ. ಗಾಳಿಯ ಒತ್ತಡದ ಬಗ್ಗೆಯೂ ಹೇಳಬೇಕು. ಈ ಟೈರುಗಳಿಗೆ ಬೇಕಾದ ಒತ್ತಡವೇ ಕಡಿಮೆ, 5ರಿಂದ 7 ಪಿಎಸ್‌ಐ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗ್ಯಾರೇಜಿನಲ್ಲಿ 5 ಪಿಎಸ್‌ಐ ತುಂಬಿಸಿದ ಟೈರು ಮೈನಸ್ 25 ಡಿಗ್ರಿಯ ಸರೋವರದ ಮೇಲೆ ಎರಡೂಕಾಲರ ಹತ್ತಿರಕ್ಕೆ ಇಳಿದಿರುತ್ತದೆ. ಅಷ್ಟು ಮೆತ್ತಗಾದ ಟೈರು ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳಬಹುದು. ಆದ್ದರಿಂದ ಒತ್ತಡವನ್ನು ಅಳೆಯಬೇಕಾದದ್ದು ಸರೋವರದ ದಡದಲ್ಲಿ, ಗಾಡಿ ಹೊರಗಿನ ಚಳಿಗೆ ಹೊಂದಿಕೊಂಡ ಮೇಲೆ.

ಚಳಿ ಈ ಗಾಡಿಯ ಸವಾರನನ್ನು ಹಿಡಿಯುವುದು ಹೆಬ್ಬೆರಳಿನಿಂದ. ಥ್ರಾಟಲ್ ಇರುವುದು ಬಲಹಿಡಿಯ ಕೆಳಗೆ ಹೆಬ್ಬೆರಳಿನಿಂದ ಒತ್ತುವ ಪುಟ್ಟ ಪಟ್ಟಿಯ ರೂಪದಲ್ಲಿ. ಉಳಿದ ನಾಲ್ಕು ಬೆರಳುಗಳು ಒಟ್ಟಿಗೆ ಮುಷ್ಟಿಯಲ್ಲಿ ಬೆಚ್ಚಗಿರುವಾಗ ಹೆಬ್ಬೆರಳು ಒಂಟಿಯಾಗಿ ಚಾಚಿಕೊಂಡು ಗಾಳಿಗೆ ಮೈಯೊಡ್ಡಿರುತ್ತದೆ. ಎಷ್ಟೇ ದಪ್ಪದ ಕೈಗವಸು ತೊಟ್ಟರೂ ಅರ್ಧ ಗಂಟೆಯಲ್ಲಿ ಅದರ ತುದಿ ಜೋಮುಗಟ್ಟುತ್ತದೆ, ಜೋಮುಗಟ್ಟಿದ ಬೆರಳಿಗೆ ಥ್ರಾಟಲಿನ ಹದ ತಿಳಿಯುವುದಿಲ್ಲ, ಹದ ತಪ್ಪಿದರೆ ಗಡ್ಡೆಯ ಮೇಲೆ ಏನಾಗುತ್ತದೆ ಎಂಬುದನ್ನು ಆಗಲೇ ಹೇಳಿದ್ದೇನೆ. ಮೂಲ ಮಾದರಿಯಲ್ಲಿ ಹಿಡಿ ಮತ್ತು ಹೆಬ್ಬೆರಳಿನ ಹೀಟರುಗಳಿಲ್ಲ; ಅವನ್ನು ಬೇರೆಯಾಗಿ ಹಾಕಿಸುವುದು ಐಷಾರಾಮ ಅಲ್ಲವೇ ಅಲ್ಲ. ಅದರ ಜೊತೆಗೆ ಹ್ಯಾಂಡಲ್‌ಗೆ ಕಟ್ಟುವ ದೊಡ್ಡ ಚೀಲಗವಸು ಇದ್ದರೆ ತೆಳ್ಳನೆಯ ಕೈಗವಸಿನಲ್ಲೂ ಓಡಿಸಬಹುದು, ಲಿವರುಗಳ ಸ್ಪರ್ಶವೂ ಚೆನ್ನಾಗಿ ತಿಳಿಯುತ್ತದೆ.

ಇಂಧನ ಇಂಜೆಕ್ಷನ್ ಇರುವುದರಿಂದ ಮೈನಸ್ 20 ಡಿಗ್ರಿಯಲ್ಲೂ ಎಂಜಿನ್ ಚಾಲೂ ಆಗುತ್ತದೆ, ಬ್ಯಾಟರಿ ಸರಿಯಾಗಿದ್ದರೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದು ಸಹಜವಾದ್ದರಿಂದ, ಹಿಂದಿನ ರಾತ್ರಿ ಚಾರ್ಜರಿಗೆ ಹಾಕಿಟ್ಟು ಹೊರಡುವುದು ಮೇಲು. ಚಾಲೂ ಆದ ಮೇಲೆ ಕೆಲವು ನಿಮಿಷ ಹಾಗೆಯೇ ಬಿಡಬೇಕು; ಎಂಜಿನ್ ಆಯಿಲ್ ಹರಿಯುವಂತಾಗುವುದಲ್ಲದೆ, ಚಳಿಗೆ ಬಿರುಸಾದ ಡ್ರೈವ್ ಬೆಲ್ಟಿಗೂ ಅದು ಒಳ್ಳೆಯದು. ಕೆಸರುಹಿಮದಲ್ಲಿ ಓಡಿಸಿದ ಮೇಲೆ ಒದ್ದೆ ಬ್ರೇಕುಗಳನ್ನು ಹಾಗೆಯೇ ಬಿಟ್ಟು ನಿಲ್ಲಿಸಿದರೆ ಅವು ಅಲ್ಲೇ ಹೆಪ್ಪುಗಟ್ಟಿ ಚಕ್ರ ತಿರುಗುವುದೇ ಇಲ್ಲ. ನಿಲ್ಲಿಸುವ ಮೊದಲು ಬ್ರೇಕನ್ನು ಮೆಲ್ಲಗೆ ಹಿಡಿದುಕೊಂಡು ಸ್ವಲ್ಪ ದೂರ ಓಡಿಸಿ ಬಿಸಿ ಮಾಡಿ ಒಣಗಿಸಬೇಕು, ನಿಲ್ಲಿಸುವಾಗ ಚಕ್ರಗಳ ಕೆಳಗೆ ಮರದ ಹಲಗೆ ಇಡಬೇಕು. ಒಂದೇ ಕಡೆ ದಿನವಿಡೀ ನಿಲ್ಲಿಸುವುದೂ ಸರಿಯಲ್ಲ. ಭಾರಕ್ಕೆ ಗಡ್ಡೆ ಬಹಳ ನಿಧಾನವಾಗಿ ಕೆಳಗೆ ಬಾಗುತ್ತಾ ಹೋಗುತ್ತದೆ, ಗಾಡಿಯ ಸುತ್ತ ನೀರು ಜಿನುಗುವುದು ಕಂಡರೆ ಕೂಡಲೇ ಜಾಗ ಬದಲಿಸಬೇಕು.

ವೇಗದ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳುವುದು ಉಚಿತ. ಚಲಿಸುವ ಗಾಡಿಯ ಭಾರದಿಂದ ಗಡ್ಡೆಯ ಕೆಳಗಿನ ನೀರಿನಲ್ಲಿ ಒಂದು ಅಲೆ ಏಳುತ್ತದೆ, ಗಡ್ಡೆಯೂ ಅದರೊಂದಿಗೆ ಬಾಗುತ್ತದೆ. ಆ ಅಲೆಯ ಸಹಜ ವೇಗ ನೀರಿನ ಆಳವನ್ನು ಅವಲಂಬಿಸಿದೆ. 3 ಮೀಟರ್ ಆಳದ ನೀರಿನಲ್ಲಿ ಅದು ಗಂಟೆಗೆ ಸುಮಾರು 20 ಕಿಲೋಮೀಟರ್. ಗಾಡಿಯೂ ಅದೇ ವೇಗದಲ್ಲಿ ಹೋದರೆ ಬಾಗುವಿಕೆ ಹೆಚ್ಚುತ್ತಾ ಹೋಗಿ, ನಿಂತ ಗಾಡಿಯನ್ನು ಸುಲಭವಾಗಿ ಹೊರುತ್ತಿದ್ದ ಗಡ್ಡೆಯೂ ಬಿರಿಯಬಹುದು. ದಡದ ಕಡೆಗೆ ಬರುವಾಗ ಅಲೆ ದಡಕ್ಕೆ ತಗುಲಿ ಹಿಂದಿರುಗುವುದರಿಂದ ಅಪಾಯ ಇನ್ನೂ ಹೆಚ್ಚು. ಮಿಲ್ ಲ್ಯಾಕ್ಸ್‌ನಂಥ ಆಳವಿಲ್ಲದ ಸರೋವರದಲ್ಲಿ ದಡದಿಂದ ಇಳಿಯುವಾಗ ಮತ್ತು ದಡ ಹತ್ತುವಾಗ ನಡಿಗೆಯ ವೇಗವೇ ಸರಿ, ಗಾಡಿಗಳ ನಡುವೆ ಸಾಕಷ್ಟು ಅಂತರವೂ ಇರಬೇಕು.

ಎಳೆಯುವ ಕೆಲಸದಲ್ಲಿ ಈ ಗಾಡಿಯ ಮೇಲೆ ನನ್ನ ದೂರೇನೂ ಇಲ್ಲ. ಡೇರೆ ಮಡಚಿಟ್ಟ ಸ್ಲೆಡ್ಡನ್ನು ಅದು ಲೋ ಗೇರಿನಲ್ಲಿ ಆಯಾಸವಿಲ್ಲದೆ ಎಳೆಯುತ್ತದೆ. ಆದರೆ ಹಗ್ಗ ಕಟ್ಟಿ ಎಳೆಯಬಾರದು: ಗಾಡಿ ನಿಧಾನಿಸಿದಾಗ ಸ್ಲೆಡ್ ನಿಲ್ಲದೆ ಜಾರಿ ಬಂದು ಹಿಂಚಕ್ರಕ್ಕೆ ಬಡಿಯುತ್ತದೆ. ಗಟ್ಟಿಯಾದ ಲೋಹದ ದಂಡವೇ ಬೇಕು. ಹಿಮ ಒಂದು ಅಡಿಗಿಂತ ಆಳವಾದಾಗ ಮಾತ್ರ ಸ್ಪೋರ್ಟ್ಸ್‌ಮನ್‌ನ ಮಿತಿ ಕಾಣಿಸುತ್ತದೆ. ಹೊಟ್ಟೆ ಹಿಮದ ಮೇಲೆ ಕೂತು ಚಕ್ರಗಳು ಗಾಳಿಯಲ್ಲಿ ತಿರುಗುತ್ತವೆ. ಆಳ ಹಿಮದ ಕೆಳಗೆ ಅಡಗಿರುವ ನೀರುಗೆಸರು ಇನ್ನೂ ಕಷ್ಟ. ಹಿಮದ ಭಾರಕ್ಕೆ ಗಡ್ಡೆ ತಗ್ಗಿ, ಬಿರುಕುಗಳ ಮೂಲಕ ನೀರು ಮೇಲೆ ಬಂದು ಹಿಮದ ಹೊದಿಕೆಯ ಅಡಿಯಲ್ಲಿ ಹೆಪ್ಪುಗಟ್ಟದೆ ಉಳಿದಿರುತ್ತದೆ. ಅಂಥ ಸರೋವರಗಳಿಗೇ ಹೆಚ್ಚಾಗಿ ಹೋಗುವವರು ಸ್ನೋಮೊಬೈಲ್ ಕೊಳ್ಳುವುದು, ಇಲ್ಲವೇ ಚಕ್ರಗಳ ಬದಲಿಗೆ ಟ್ಯಾಂಕಿನದರಂತೆ ಸುತ್ತುವ ಪಟ್ಟಿಗಳನ್ನು ಹಾಕಿಸುವುದು ಒಳ್ಳೆಯದು. ಪಟ್ಟಿಗಳ ಬೆಲೆ ಹಾಗೂ ತೂಕ ಎರಡೂ ಹೆಚ್ಚು ಎಂಬುದು ನೆನಪಿರಲಿ. ಇಡೀ ಕುಟುಂಬ ಒಟ್ಟಿಗೆ ಹೋಗಬೇಕೆನ್ನುವವರಿಗೆ, ಮುಚ್ಚಿದ ಕ್ಯಾಬಿನ್ ಮತ್ತು ಹೀಟರ್ ಇರುವ ಸೈಡ್-ಬೈ-ಸೈಡ್ ಸುಖಕರ. ಸ್ಪೋರ್ಟ್ಸ್‌ಮನ್ 570ರ ಸಾಮಾನ್ಯ ಮಾದರಿ ಒಬ್ಬರಿಗೆಂದು ವಿನ್ಯಾಸಗೊಂಡದ್ದು, ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವುದನ್ನು ನಾನು ಎಷ್ಟೋ ಬಾರಿ ಕಂಡು ಸಂಕಟಪಟ್ಟಿದ್ದೇನೆ.

ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ನೋಡುವುದು ಒಳ್ಳೆಯ ಆಲೋಚನೆ, ಆದರೆ ಬಾಡಿಗೆ ಕೊಡುವವರೆಲ್ಲ ಒಂದೇ ಮಟ್ಟದವರಲ್ಲ. ದಡದ ಒಂದು ಕಡೆ ನಾನು ಪಡೆದ ಗಾಡಿಯ ಟೈರಿನ ಗುಬ್ಬಿಗಳು ಸವೆದು ಹೋಗಿದ್ದವು, ಹೆಲ್ಮೆಟ್ ಅಳತೆಗೆ ಸರಿಯಿರಲಿಲ್ಲ, ಕೊಟ್ಟವರು ಹಣ ಎಣಿಸಿಕೊಂಡು ಕೀಲಿ ಕೈಗಿತ್ತರೇ ಹೊರತು ಆ ದಿನ ಬಿರುಕು ಎಲ್ಲಿದೆ ಎಂದು ಒಂದು ಮಾತೂ ಹೇಳಲಿಲ್ಲ. ಅದೇ ದಡದ ಇನ್ನೊಂದು ಕಡೆ ವಯಸ್ಸಾದ ಮಾಲೀಕರು ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಈ ಗೆರೆಯ ಆಚೆ ಹೋಗಬೇಡಿ ಎಂದು ತಿಳಿಸಿ, ಎಷ್ಟು ಗಂಟೆಗೆ ಹಿಂದಿರುಗುತ್ತೀರಿ ಎಂದು ಬರೆದುಕೊಂಡು ಕಳಿಸಿದರು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗಾಡಿಯನ್ನು ಮುಟ್ಟುವ ಮೊದಲು ಗಡ್ಡೆಯ ಬಗ್ಗೆ ಕೇಳಿ. ಉತ್ತರ ಸ್ಪಷ್ಟವಾಗಿರದಿದ್ದರೆ ಬೇರೆ ಕಡೆ ಹೋಗಿ.

ಕಾನೂನು ಸರಳವಾಗಿದೆ. 1987ರ ಜುಲೈ 1ರ ನಂತರ ಹುಟ್ಟಿದವರು ಹೆಪ್ಪುಗಟ್ಟಿದ ಸರೋವರದ ಮೇಲೆ ಎಟಿವಿ ಓಡಿಸಬೇಕಾದರೆ ರಾಜ್ಯದ ಎಟಿವಿ ಸುರಕ್ಷತಾ ತರಬೇತಿ ಮುಗಿಸಿರಬೇಕು. 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ತೊಡದೆ ಹೋಗಬಾರದು. ಗಾಡಿ ಗಡ್ಡೆ ಒಡೆದು ಮುಳುಗಿದರೆ 30 ದಿನಗಳೊಳಗೆ ಅದನ್ನು ಮೇಲೆತ್ತಿಸುವ ಹೊಣೆ ಮಾಲೀಕನದೇ. ಇನ್ನು ಮನುಷ್ಯನ ರಕ್ಷಣೆಗೆ, ತೇಲಿಸುವ ಚಳಿಗಾಲದ ಸೂಟು ಅಥವಾ ಜಾಕೆಟಿನ ಮೇಲೆ ತೊಟ್ಟ ಲೈಫ್ ಜಾಕೆಟು, ಕೊರಳಿಗೆ ನೇತುಹಾಕಿದ ಒಂದು ಜೊತೆ ಐಸ್ ಪಿಕ್ಕು, ಇವೆರಡು ಇರಲೇಬೇಕು. ತಣ್ಣೀರಿಗೆ ಬಿದ್ದವರಿಗೆ ಉಸಿರು ಹತೋಟಿಗೆ ಬರಲು ಸುಮಾರು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ, ಬಂದ ದಿಕ್ಕಿಗೇ ತಿರುಗಿ, ಪಿಕ್ಕನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿಯುತ್ತಾ ಮೇಲೆ ಬಂದು, ಎದ್ದು ನಿಲ್ಲದೆ ಉರುಳಿಕೊಂಡು ದೂರ ಸರಿಯಬೇಕು. ಪಿಕ್ಕುಗಳನ್ನು ಗಾಡಿಯ ಡಬ್ಬಿಯಲ್ಲಿಟ್ಟುಕೊಂಡು ಹೋಗುವವರನ್ನು ನೋಡಿದ್ದೇನೆ. ಮುಳುಗುವ ಗಾಡಿಯ ಜೊತೆ ಅವೂ ಮುಳುಗುತ್ತವೆ.

ಕೊನೆಯದಾಗಿ ಯಾವ ಮಾದರಿ ಎಂಬ ಪ್ರಶ್ನೆ. ಮೂಲ ಮಾದರಿಗೂ ಪವರ್ ಸ್ಟೀರಿಂಗ್ ಇರುವ ಮಾದರಿಗೂ ಬೆಲೆಯಲ್ಲಿ ಗಣನೀಯ ವ್ಯತ್ಯಾಸವಿದೆ. ಬೇಸಿಗೆಯ ಕಾಡುಹಾದಿಗೆ ಮಾತ್ರ ಬೇಕಾದವರು ಆ ಹಣ ಉಳಿಸಬಹುದು. ಸರೋವರಕ್ಕೆ ಇಳಿಯುವವರು ಉಳಿಸಬಾರದು: ಟ್ರಕ್ಕುಗಳ ಚಕ್ರದ ಗುರುತು ರಾತ್ರಿ ಹೆಪ್ಪುಗಟ್ಟಿ ಕಲ್ಲಿನಂಥ ಕೊರಕಲಾದಾಗ ಅದು ಮುಂಚಕ್ರವನ್ನು ಹಠಾತ್ತನೆ ಎಳೆಯುತ್ತದೆ, ಆ ಎಳೆತ ಮಣಿಕಟ್ಟಿಗೆ ಬಾರದಂತೆ ತಡೆಯುವುದು ಪವರ್ ಸ್ಟೀರಿಂಗೇ. ಅದರ ನಂತರದ ಹಣ ಹೆಬ್ಬೆರಳಿನ ಹೀಟರಿಗೆ, ಆಮೇಲಿನದು ಟೈರಿನ ಮೊಳೆಗೆ ಹೋಗಲಿ. ಹ್ಯಾಂಡಲ್ ಮೇಲಿನ ದೀಪ ಹ್ಯಾಂಡಲ್ ಜೊತೆಗೇ ತಿರುಗುವುದರಿಂದ ಕತ್ತಲಾದ ಮೇಲೆ ತಿರುವಿನಾಚೆಯ ಏಣು ಮೊದಲೇ ಕಾಣುತ್ತದೆ, ಹೆಚ್ಚುವರಿ ದೀಪಗಳ ಅಗತ್ಯ ನನಗಂತೂ ಬಿದ್ದಿಲ್ಲ. ಬಳಸಿದ ಗಾಡಿ ಕೊಳ್ಳುವವರು ಮುಂದಿನ ಚಕ್ರಗಳನ್ನು ಎಳೆಯುವ ಆಕ್ಸಲ್‌ಗಳ ರಬ್ಬರ್ ಹೊದಿಕೆಗಳನ್ನು ಬಗ್ಗಿ ನೋಡಬೇಕು; ಗಡ್ಡೆಯ ಚೂಪು ತುಂಡುಗಳು ಮೊದಲು ಹರಿಯುವುದು ಅವನ್ನು. 2023-24ರ ಚಳಿಗಾಲ ಮಿನ್ನೆಸೋಟದಲ್ಲಿ ದಾಖಲಾದವುಗಳಲ್ಲೇ ಅತ್ಯಂತ ಬೆಚ್ಚಗಿನದಾಗಿತ್ತು, ಅಂಥ ವರ್ಷ ಸರೋವರದ ಮೇಲೆ ಗಾಡಿ ಓಡಿಸಲು ಸಿಗುವ ವಾರಗಳು ಬಹಳ ಕಡಿಮೆ. ಒಂದು ಋತುವಿನಲ್ಲಿ ನಾಲ್ಕಾರು ವಾರಾಂತ್ಯಗಳಿಗಿಂತ ಹೆಚ್ಚು ಹೋಗಲಾರದವರು ಬಾಡಿಗೆಯಲ್ಲೇ ಉಳಿಯುವುದು ಲಾಭ. ಬೇಸಿಗೆಯಲ್ಲಿ ತೋಟದ ಕೆಲಸಕ್ಕೋ ಕಾಡುಹಾದಿಗೋ, ಚಳಿಗಾಲದಲ್ಲಿ ಮನೆಯ ಮುಂದಿನ ಹಿಮ ತಳ್ಳಲಿಕ್ಕೋ ಗಾಡಿಗೆ ವರ್ಷವಿಡೀ ಕೆಲಸ ಕೊಡಬಲ್ಲವರು ಕೊಳ್ಳಬಹುದು.